ನಮ್ಮನೆ ಗೋಲ್ಡನ್ ರಾಡ್ ಹೂ ಬಿಟ್ಟ ಬಗೆ

ಈ ವರ್ಷ ಕೊಳ್ಳೇಗಾಲದ ಹೂದೋಟ ಸ್ಪರ್ಧೆಯಲ್ಲಿ ಮೊದಲನೇ ಬಹುಮಾನ ನನ್ನದೇ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಬೇವಿನ ಕಡ್ಡಿ ಜಗಿಯುತ್ತಾ. ಪ್ರತಿಜ್ಞೆಗೆ ಸಾಕ್ಷಿಯಾಗಿ ಮೇಲೆ ಸೂರ್ಯನಾರಾಯಣನಿದ್ದ, ಕೆಳಗೆ ಎದುರುಮನೆ ರಾಚಮ್ಮನ ಮೇಕೆಗಳಿದ್ದವು, ಪಕ್ಕದಲ್ಲಿ ನನ್ನ ಹೆಂಡತಿ ರತ್ನ ಇದ್ದಳು. ಇಷ್ಟು ಜನರಲ್ಲಿ ಒಬ್ಬರೂ ಭೇಷ್ ಅನ್ನಲಿಲ್ಲ.

"ಬಹುಮಾನ ಬರ್ಬೇಕಾದ್ರೆ ತೋಟ ಇರ್ಬೇಕಲ್ವ? ಎಲ್ಲದೆ ನಿಮ್ ತೋಟ?" ಎಂದಳು ರತ್ನ.

"ಮಾಡ್ತೀನಿ."

"ನೀರು ಯಾರು ಉಯ್ಯೋರು?"

ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಸಣ್ಣ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾ ಕೂರಬಾರದು. ಬಾಯಿ ಮುಕ್ಕಳಿಸುವ ನೆವ ಮಾಡಿಕೊಂಡು ನಾನು ಹಿತ್ತಲಿಗೆ ಹೋದೆ.

ನನ್ನ ಈ ರೋಷಕ್ಕೆ ಕಾರಣ ನಮ್ಮ ಆಫೀಸಿನ ಹೆಡ್ ಗುಮಾಸ್ತರಾದ ಶಿವರುದ್ರಸ್ವಾಮಿ. ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗಲೇ ಏಳೆಂಟು ವರ್ಷ ಆಗಿತ್ತು. ಇವರು ಮಾತ್ರ ಇನ್ನೂ ಕೊಯಮತ್ತೂರು ಕಲೆಕ್ಟರ ಕಾಲದ ಗತ್ತಿನಲ್ಲೇ ಇದ್ದರು. ಕೊಳ್ಳೇಗಾಲದ ನೌಕರರ ಸಂಘ ಪ್ರತಿ ವರ್ಷ ನಡೆಸುವ ಮನೆಮುಂದಿನ ಹೂದೋಟದ ಸ್ಪರ್ಧೆಯಲ್ಲಿ ಸತತವಾಗಿ ಗೆಲ್ಲುತ್ತಿದ್ದದ್ದು ಇವರ ಡೇರೆ ಹೂಗಳೇ. ಗೆದ್ದರೆ ಗೆಲ್ಲಲಿ, ಬೇಡ ಅಂದವರು ಯಾರು? ಆದರೆ ಡೇರೆ ಬಿಡುವ ಕಾಲದಲ್ಲಿ ದಿನಾ ಒಂದು ಹೂ ತಂದು, ಗಾಜಿನ ಲೋಟದಲ್ಲಿ ನಿಲ್ಲಿಸಿ, ಲೋಟವನ್ನು ನನ್ನ ಮೇಜಿನ ಕಡೆ ಮುಖ ಮಾಡಿ ಇಡುತ್ತಿದ್ದರು. ಹೂವಿನ ಹಿಂದಿನಿಂದ ನನ್ನನ್ನು ನೋಡಿ, "ಮಾದಸ್ವಾಮಿ, ನಿಮ್ಮ ಮಧುವನಹಳ್ಳೀಲಿ ಹೂ ಅಂದ್ರೆ ಕುಂಬಳದ ಹೂ ಅಲ್ವೇನ್ರಿ?" ಎಂದು ಕೇಳುತ್ತಿದ್ದರು. ಇದನ್ನು ಎಷ್ಟು ದಿನ ಸಹಿಸುವುದು?

ದೇವರು ನನ್ನ ಕಡೆ ಇದ್ದ. ಸಾಹೇಬರ ಕ್ಯಾಂಪಿನ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದಾಗ ಅಲ್ಲಿನ ಕಾಫಿ ತೋಟದ ಬಂಗಲೆಯ ಮುಂದೆ ಒಂದು ಹೊಸ ಗಿಡ ಕಂಡೆ. ಬಂಗಲೆಯ ಬಟ್ಲರ್ ಅದಕ್ಕೆ ಗೋಲ್ಡನ್ ರಾಡ್ ಅಂತ ಹೆಸರು ಹೇಳಿದ. ಒಂದು ಸಲ ನೆಟ್ಟರೆ ಸಾಕು, ವರ್ಷ ವರ್ಷವೂ ಬುಡದಿಂದ ತಾನೇ ಚಿಗುರಿ ಬರುತ್ತದೆ. ಸೊಂಟದೆತ್ತರ ಕಡ್ಡಿ ಏಳುತ್ತದೆ. ತುದಿಯಲ್ಲಿ ಗೊಂಚಲು ಗೊಂಚಲು ಹಳದಿ ಹೂ ಬಿಟ್ಟರೆ ಬಂಗಾರ ಸುರಿದ ಹಾಗಿರುತ್ತದೆ. ಇದೆಲ್ಲ ಅವನು ಹೇಳಿದ್ದು. ನಾನು ಹೋದಾಗ ಹೂವಿನ ಕಾಲ ಮುಗಿದು ಒಣಗಿದ ಕಡ್ಡಿ ಮಾತ್ರ ನಿಂತಿದ್ದವು. ಆದರೂ ನನ್ನ ಕಣ್ಣಿಗೆ ಬಂಗಾರವೇ ಕಾಣಿಸಿತು. ಶಿವರುದ್ರಸ್ವಾಮಿಯವರ ಮುಖವೂ ಪಕ್ಕದಲ್ಲೇ ಕಾಣಿಸಿತು. ಬುಡದ ಕಂತೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಜೀಪಿನಲ್ಲಿ ಯಳಂದೂರಿನ ತನಕ ತೊಡೆಯ ಮೇಲೆ, ಅಲ್ಲಿಂದ ಬಸ್ಸಿನಲ್ಲಿ ತಲೆಯ ಮೇಲೆ ಇಟ್ಟುಕೊಂಡು ಊರಿಗೆ ತಂದೆ.

ಮನೆಯ ಮುಂದೆ ಈ ಗೋಡೆಯಿಂದ ಆ ಗೋಡೆಯವರೆಗೆ ಪಾತಿ ಮಾಡಿ ಒತ್ತಾಗಿ ನೆಟ್ಟೆ. ಕೊಟ್ಟಿಗೆಯ ಗೊಬ್ಬರವನ್ನೆಲ್ಲ ಅದಕ್ಕೇ ಸುರಿದೆ. ನೀರು? ರತ್ನಳೇ ಹೊಯ್ದಳು. ಬೇರೆ ಯಾರು ಹೊಯ್ಯುತ್ತಾರೆ? ಗಿಡವೂ ಚೆನ್ನಾಗಿಯೇ ಹಬ್ಬಿತು. ಕಡ್ಡಿಯ ಪಕ್ಕ ಕಡ್ಡಿ ಎದ್ದು ಪಾತಿ ತುಂಬಿಹೋಯಿತು. ಊರವರು ಬಂದು ನೋಡಿದರು. "ಇದ್ಯಾವ್ದು ಸಾ, ಪೊರಕೆ ಗಿಡವಾ?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಅಜ್ಞಾನಿಗಳನ್ನು ಕ್ಷಮಿಸುವುದು ದೊಡ್ಡವರ ಲಕ್ಷಣ.

ಇಷ್ಟು ಹೊತ್ತಿಗೆ ಮನೆಯೊಳಗೆ ರೇಷ್ಮೆ ಹುಳ ಬಂದಿತ್ತು. ನಮ್ಮ ಕಡೆ ಮನೆಗೆ ಹುಳ ಬಂತೆಂದರೆ ಮನೆ ಹುಳದ್ದು. ನಡುಮನೆಯ ತುಂಬ ಹುಳದ ತಟ್ಟೆಗಳ ಸಾಲು. ಒಗ್ಗರಣೆ ಹಾಕುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ತಲೆಗೆ ವಾಸನೆ ಎಣ್ಣೆ ಮೆತ್ತುವಂತಿಲ್ಲ. ಹೊರಗಿನವರು ಹೊಸಿಲು ದಾಟುವಂತಿಲ್ಲ. ಹುಳ ಪೊರೆ ಬಿಡಲು ತಲೆಯೆತ್ತಿ ಮಲಗಿದರೆ ಅದಕ್ಕೆ ಜ್ವರ ಅನ್ನುತ್ತಾರೆ. ಇಂಥ ನಾಲ್ಕು ಜ್ವರ ಎದ್ದ ಮೇಲೆಯೇ ಗೂಡು. ನನಗೆ ಜ್ವರ ಬಂದರೆ ಒಂದು ಲೋಟ ಗಂಜಿ ಕಾಯಿಸಿಟ್ಟು ಗದ್ದೆಗೆ ಹೋಗುವ ಜನ, ಹುಳಕ್ಕೆ ಜ್ವರ ಬಂದರೆ ಬೆಕ್ಕಿನ ಹೆಜ್ಜೆಯಲ್ಲಿ ನಡೆಯುತ್ತಾರೆ! ನನ್ನ ಹಾಸಿಗೆ ಜಗಲಿಗೆ ಬಂತು. ನಾನು ಜಗಲಿಯಲ್ಲಿ ಮಲಗಿ ಗೋಲ್ಡನ್ ರಾಡನ್ನು ನೋಡುತ್ತಾ ದಿನ ಕಳೆದೆ.

ಆ ಸಲದ ಹುಳಕ್ಕೆ ಒಂದು ವಿಶೇಷವಿತ್ತು. ಅಲ್ಲಿಯವರೆಗೆ ನಮ್ಮ ಮನೆಯ ಹುಳದ ಆಡಳಿತವೆಲ್ಲ ನನ್ನ ಅವ್ವ ದೊಡ್ಡಬಸಮ್ಮನದು. ರತ್ನ ಸೊಪ್ಪು ಕತ್ತರಿಸುವುದು, ತಟ್ಟೆ ತೊಳೆಯುವುದು, ಇಷ್ಟೇ. ಈ ಸಲ ಬಂಡಳ್ಳಿಯಲ್ಲಿ ನನ್ನ ತಂಗಿಯ ಬಾಣಂತನಕ್ಕೆ ಅವ್ವ ಹೋಗಲೇಬೇಕಾಯಿತು. ಗಾಡಿ ಹತ್ತುವಾಗ ಸೊಸೆಯನ್ನು ಕರೆದು, "ಈ ಬೆಳೆ ನಿನ್ ಕೈಲದೆ ಕೂಸೇ. ಗೂಡು ಬಿಡ್ಸೋ ಒತ್ಗೆ ಬತ್ತೀನಿ. ನಿನ್ ಕೈಗುಣ ಎಂಗದೆ ಅಂತ ನೋಡ್ತೀನಿ" ಎಂದಳು.

ಅಷ್ಟೇ ಮಾತು. ಆದರೆ ನಮ್ಮೂರಲ್ಲಿ ಒಬ್ಬ ಹೆಂಗಸಿನ ಮೊದಲ ಬೆಳೆ ಕೆಟ್ಟರೆ ಅವಳ ಕೈಗೆ ಹುಳ ಆಗಿಬರುವುದಿಲ್ಲ ಅಂತ ಹೆಸರು ಬಿದ್ದುಬಿಡುತ್ತದೆ. ಆ ಹೆಸರು ಅವಳು ಮುದುಕಿಯಾದರೂ ಹೋಗುವುದಿಲ್ಲ. ಪಕ್ಕದ ಬೀದಿಯ ಚಿಕ್ಕನಿಂಗಮ್ಮನನ್ನು ಈಗಲೂ ಹುಳ ಇರುವ ಮನೆಗಳಿಗೆ ಕರೆಯುವುದಿಲ್ಲ. ರತ್ನ ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ. ಕೈ ತೊಳೆದು ತೊಳೆದು ಬೆರಳು ಬೆಳ್ಳಗಾದವು. ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿದ್ದರೆ ಮಾತ್ರ ಅವಳ ಮುಖ ಸಡಿಲವಾಗುತ್ತಿತ್ತು.

ಹೀಗೆ ಮನೆಯೊಳಗೆ ಅವಳ ಪರೀಕ್ಷೆ, ಮನೆಯ ಹೊರಗೆ ನನ್ನ ಪರೀಕ್ಷೆ. ಎರಡಕ್ಕೂ ಅಡ್ಡ ಬಂದದ್ದು ರಾಚಮ್ಮನ ಮೇಕೆ.

ಒಂದು ದಿನ ಆಫೀಸಿನಿಂದ ಬಂದು ನೋಡುತ್ತೇನೆ, ಪಾತಿಯ ಒಂದು ಮೂಲೆ ಬೋಳಾಗಿದೆ. ಮೇಕೆ ಜಗಲಿಯ ಮೇಲೆ ನಿಂತು ನನ್ನ ಹಾಸಿಗೆಯ ಪಕ್ಕ ಮೆಲುಕು ಹಾಕುತ್ತಿದೆ!

"ರಾಚಮ್ಮ, ಮೇಕೆ ಕಟ್ಟಾಕ್ಬಾರ್ದಾ?" ಎಂದೆ.

"ಕಟ್ಟಾಕೀನಿ ಕಣಪ್ಪ. ನಾಕು ಕಡ್ಡಿಗೆ ಯಾಕಿಂಗೆ ಒಟ್ಟೆ ಉರ್ಕೊಂಡೀಯೆ?" ಎಂದಳು.

ನಾಲ್ಕು ಕಡ್ಡಿ! ಬಂಗಾರದ ಕಡ್ಡಿಗೆ ಈ ಬೆಲೆ! ಅಂದೇ ಬೇಲಿ ಹಾಕಲು ನಿಶ್ಚಯಿಸಿದೆ. ಮುಳ್ಳು ಹಾಕಿದರೆ ತೀರ್ಪುಗಾರರ ಕಣ್ಣಿಗೆ ಅಸಹ್ಯ. ತಂತಿ ತರಲು ಕೈ ಬರಲಿಲ್ಲ. ಏನು ಮಾಡುವುದೆಂದು ಮನೆಯೆಲ್ಲ ಸುತ್ತಿ ಅಟ್ಟದತ್ತ ಕತ್ತೆತ್ತಿದಾಗ ಚಂದ್ರಿಕೆಗಳು ಕಂಡವು.

ಪಟ್ಟಣದ ಓದುಗರಿಗೆ ಚಂದ್ರಿಕೆ ಎಂದರೆ ಬೆಳದಿಂಗಳೋ ಯಾವುದೋ ಹುಡುಗಿಯೋ ನೆನಪಾದೀತು. ನಮ್ಮಲ್ಲಿ ಚಂದ್ರಿಕೆ ಎಂದರೆ ಆಳೆತ್ತರದ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದಿರುತ್ತಾರೆ. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ಮೈಯೆಲ್ಲ ಹಳದಿಯಾಗಿ ಮಿರುಗಿದರೆ ಹಣ್ಣಾಯಿತು ಎಂದರ್ಥ. ಹಣ್ಣಾದ ಹುಳವನ್ನು ಆರಿಸಿ ಇದರ ಮೇಲೆ ಬಿಟ್ಟರೆ ಸುರುಳಿಯ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಅಲ್ಲಿಯತನಕ ಚಂದ್ರಿಕೆಗೆ ಕೆಲಸವಿಲ್ಲ. ಅಟ್ಟದ ಮೇಲೆ ಸಂಬಳವಿಲ್ಲದೆ ಮಲಗಿರುತ್ತದೆ. ಕೆಲಸವಿಲ್ಲದವರಿಗೆ ಕೆಲಸ ಕೊಡುವುದು ಸರ್ಕಾರದ ನೀತಿ. ನಾನು ಸರ್ಕಾರಿ ನೌಕರ.

ಅಷ್ಟನ್ನೂ ಇಳಿಸಿದೆ. ರತ್ನ ಸೊಪ್ಪಿನ ಮಂಕರಿ ಹೊತ್ತು ಬಂದವಳು ಹಾಗೇ ನಿಂತಳು.

"ಅದ್ಯಾಕ್ ಇಳಿಸ್ತಿದ್ದೀರಿ?"

"ಎರಡು ದಿನಕ್ಕೆ. ಬೇಲಿಗೆ."

"ಅತ್ತೆಗೆ ಗೊತ್ತಾದ್ರೆ?"

"ಬಂಡಳ್ಳಿಗೆ ಕಾಣುತ್ತಾ?"

"ನೋಡಿ, ನಾಕ್ನೇ ಜ್ವರ ಏಳೋದ್ರೊಳ್ಗೆ ನಂಗೆ ವಾಪಸ್ ಬೇಕು. ಬಿಸ್ಲಿಗೆ ಒಣಗ್ಸಿ, ಹೊಗೆ ಕೊಟ್ಟು ಇಡ್ಬೇಕು. ಮರೆತೀರಿ."

"ಈ ಮಾದಸ್ವಾಮಿ ಮಾತು ಕೊಟ್ಟರೆ ಮುಗೀತು" ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಮದುವೆಯಾದಾಗಿನಿಂದ ನಾನು ಕೊಟ್ಟ ಮಾತುಗಳನ್ನೆಲ್ಲ ಅವಳು ಒಂದೊಂದಾಗಿ ನೆನಪು ಮಾಡಿಕೊಂಡಿರಬೇಕು.

ಬೇಲಿ ಎಂದರೆ ಅದೇ ಬೇಲಿ! ಗಾಳಿಗೆ ಬೀಳದಿರಲಿ ಎಂದು ಒಂದೊಂದು ಚಂದ್ರಿಕೆಯನ್ನೂ ಮೊಣಕಾಲುದ್ದ ಗುಂಡಿ ತೆಗೆದು ಹೂತೆ. ಮಣ್ಣು ಗಟ್ಟಿಯಾಗಲೆಂದು ಸಗಣಿ ಬೆರೆಸಿ ಮೆಟ್ಟಿದೆ, ಮೇಲೆ ನೀರು ಹೊಯ್ದೆ. ನನಗೇ ನನ್ನ ಬುದ್ಧಿಯ ಮೇಲೆ ಪ್ರೀತಿ ಬಂತು. ಮೇಕೆ ಬಂದು ನೋಡಿ ಅಳು ಮೋರೆ ಮಾಡಿಕೊಂಡು ಹೋಯಿತು. ಗೋಲ್ಡನ್ ರಾಡ್ ಬೆಳೆದು ಕಡ್ಡಿಯ ತುದಿ ಕವಲೊಡೆದು ಹಸಿರು ಮೊಗ್ಗು ಕಟ್ಟಿತು. ಸ್ಪರ್ಧೆಯ ದಿನ ಗೊತ್ತಾಯಿತು. ಮೊಗ್ಗು ಅಷ್ಟರಲ್ಲಿ ಅರಳುತ್ತದೆಯೇ ಇಲ್ಲವೇ ಎಂಬ ಚಿಂತೆಯಲ್ಲಿ ನಾಲ್ಕನೇ ಜ್ವರ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ.

"ಚಂದ್ರಿಕೆ" ಎಂದಳು ರತ್ನ.

"ನಾಳೆ" ಎಂದೆ.

ಮಾರನೆಯ ದಿನವೂ ಅವಳು ಚಂದ್ರಿಕೆ ಎಂದಳು, ನಾನು ನಾಳೆ ಎಂದೆ. ಆಮೇಲೆ ಮಳೆ ಹಿಡಿಯಿತು. ಮಳೆಯಲ್ಲಿ ಯಾರಾದರೂ ಬೇಲಿ ಕೀಳುತ್ತಾರೆಯೇ?

ಮಳೆ ಬಿಟ್ಟ ಬೆಳಿಗ್ಗೆ, ಭಾನುವಾರ, ರತ್ನ ಓಡಿ ಬಂದು ಜಗಲಿಯಲ್ಲಿ ನನ್ನ ಹೊದಿಕೆ ಎಳೆದಳು. ಅವಳ ಅಂಗೈಯಲ್ಲಿ ಒಂದು ಹುಳ ಇತ್ತು. ದ್ರಾಕ್ಷಿ ಹಣ್ಣಿನ ಹಾಗೆ ಒಳಗಿನ ಬೆಳಕು ಕಾಣುವ ಹುಳ. ತಲೆಯೆತ್ತಿ ಆಚೆ ಈಚೆ ಆಡಿಸುತ್ತಿತ್ತು.

"ಅಣ್ಣಾದೊ ಕಣ್ರಿ. ಒಂದಲ್ಲ ಎರಡಲ್ಲ, ಎಲ್ಲಾ ಒಟ್ಗೇ ಅಣ್ಣಾದೊ. ಏಳಿ, ಚಂದ್ರಿಕೆ ಕೀಳಿ."

ಎದ್ದೆ. ಮೊದಲನೇ ಚಂದ್ರಿಕೆಗೆ ಕೈ ಹಾಕಿ ಜಗ್ಗಿದೆ. ಸರಾಗವಾಗಿ ಬಂತು. ಬರಬಾರದಷ್ಟು ಸರಾಗವಾಗಿ ಬಂತು! ನಾನು ಅದರ ಸಮೇತ ಹಿಂದಕ್ಕೆ ಬಿದ್ದೆ. ನೋಡಿದರೆ ನನ್ನ ಕೈಯಲ್ಲಿರುವುದು ಅರ್ಧ ಚಂದ್ರಿಕೆ. ಉಳಿದರ್ಧವನ್ನು ಗೆದ್ದಲು ತಿಂದಿತ್ತು. ಮೊಣಕಾಲುದ್ದ ಗುಂಡಿ, ಸಗಣಿ, ನೀರು: ಗೆದ್ದಲನ್ನು ಇದಕ್ಕಿಂತ ಮರ್ಯಾದೆಯಿಂದ ಊಟಕ್ಕೆ ಕರೆಯುವುದು ಸಾಧ್ಯವಿರಲಿಲ್ಲ. ಎರಡನೆಯದೂ ಹಾಗೇ. ಮೂರನೆಯದರ ಸುರುಳಿಗಳು ಎತ್ತುತ್ತಿದ್ದ ಹಾಗೇ ಕಳಚಿಕೊಂಡು ನನ್ನ ಕೊರಳಿಗೆ ಹಾರವಾದವು.

ರತ್ನ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಗುಳಕ್ಕೆ ಎದುರು ಮಾತು ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಅವಳು ಬೈಯಲಿಲ್ಲ. ಹೊಸಿಲ ಮೇಲೆ ಕುಸಿದು ಕೂತು ಅಂಗೈಯ ಹುಳವನ್ನೇ ನೋಡುತ್ತಾ, "ಅತ್ತೆಗೆ ಏನಂತ ಯೋಳ್ಲಿ?" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಒಂದು ಲೋಟದ ಡೇರೆ ಹೂವಿಗೋಸ್ಕರ ನಾನು ಇವಳ ಹೆಸರನ್ನು ಗೆದ್ದಲಿಗೆ ಹಾಕಿದ್ದೆ.

ಊರೆಲ್ಲ ಓಡಾಡಿದೆ. ಎಲ್ಲರೂ ಒಂದೇ ದಿನ ಮೊಟ್ಟೆ ತಂದಿದ್ದರಿಂದ ಎಲ್ಲರ ಹುಳವೂ ಅಂದೇ ಹಣ್ಣು, ಎಲ್ಲರ ಚಂದ್ರಿಕೆಯೂ ಭರ್ತಿ. ರಾಚಮ್ಮ ಮಾತ್ರ, "ನಿನ್ ಬೇಲೀನೇ ಕೊಡಪ್ಪ, ನಂಗೂ ಎರ್ಡು ಕಮ್ಮಿ ಬಿದ್ದವೆ" ಎಂದಳು.

ಮನೆಗೆ ಬರುವಷ್ಟರಲ್ಲಿ ಹುಳಗಳು ತಾವೇ ವ್ಯವಸ್ಥೆ ಮಾಡಿಕೊಳ್ಳತೊಡಗಿದ್ದವು. ಒಂದು ನನ್ನ ಕೊಡೆಯೊಳಗೆ ಮನೆ ಹೂಡಿತ್ತು. ಒಂದಿಷ್ಟು ಗೂಟಕ್ಕೆ ನೇತುಹಾಕಿದ್ದ ನನ್ನ ಆಫೀಸಿನ ಕೋಟನ್ನು ಹತ್ತಿದ್ದವು. ಅರ್ಧ ಉಳಿದ ಚಂದ್ರಿಕೆಗಳ ಮೇಲೆ ಹಿಡಿದಷ್ಟು ಬಿಟ್ಟೆವು. ತೊಗರಿ ಕಡ್ಡಿಯ ಹೊರೆ ಬಿಚ್ಚಿದೆವು, ಅದೂ ತುಂಬಿತು. ಮನೆಯ ಪೊರಕೆಗಳನ್ನೆಲ್ಲ ತಲೆಕೆಳಗಾಗಿ ನಿಲ್ಲಿಸಿದೆವು, ಅವೂ ತುಂಬಿದವು. ಇನ್ನೂ ತಟ್ಟೆ ತಟ್ಟೆ ಹುಳ ತಲೆಯೆತ್ತಿಕೊಂಡು ಜಾಗ ಕೇಳುತ್ತಿದ್ದವು. ಹೊತ್ತು ಮೀರಿದರೆ ಬರೀ ತಟ್ಟೆಗೆ ನೂಲು ಬಳಿದು ಸುಮ್ಮನಾಗುತ್ತವೆ. ಗೂಡೂ ಇಲ್ಲ, ಏನೂ ಇಲ್ಲ.

ರತ್ನ ಎದ್ದು ಹೊರಗೆ ನಡೆದಳು. ನೇರವಾಗಿ ನನ್ನ ಪಾತಿಯ ಮುಂದೆ ನಿಂತಳು. ಒಂದು ಗೋಲ್ಡನ್ ರಾಡ್ ಕಡ್ಡಿಯನ್ನು ಬಗ್ಗಿಸಿ ಬಿಟ್ಟಳು. ಗಟ್ಟಿಯಾಗಿ ನಿಂತಿತು. ತುದಿಯ ಕವಲಿನ ಸಂದಿಗೆ ಒಂದು ಹುಳ ಇಟ್ಟಳು. ಹುಳ ಆಚೆ ಮೂಸಿತು, ಈಚೆ ಮೂಸಿತು, ಈ ಕವಲಿನಿಂದ ಆ ಕವಲಿಗೆ ಒಂದು ಎಳೆ ಬಿಗಿಯಿತು.

"ರತ್ನ, ಬೇಡ" ಎಂದೆ. "ಬುಧವಾರ ತೀರ್ಪುಗಾರರು ಬರ್ತಾರೆ."

ಅವಳು ತಿರುಗಿ ನನ್ನನ್ನು ನೋಡಿದಳು. ಪಕ್ಕದ ಕಡ್ಡಿಯನ್ನೂ ಬಗ್ಗಿಸಿ ನೋಡಿದಳು.

ಮೊಗ್ಗುಗಳನ್ನು ನೋಡಿದೆ. ಇನ್ನು ಮೂರು ದಿನದಲ್ಲಿ ಅರಳಬಹುದಾಗಿದ್ದ ನನ್ನ ಬಂಗಾರ! ಶಿವರುದ್ರಸ್ವಾಮಿಯವರ ಲೋಟ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ರತ್ನಳ ತೊಳೆದು ಬೆಳ್ಳಗಾದ ಬೆರಳುಗಳಿದ್ದವು.

"ತಟ್ಟೆ ತಗೊಂಬಾ" ಎಂದೆ.

ಸಂಜೆಯೊಳಗೆ ಪಾತಿಯ ತುಂಬ ಹುಳ. ಕಡ್ಡಿಗೆ ಕಡ್ಡಿ ಸೇರಿಸಿ ಕಟ್ಟಿ ನನ್ನ ತೋಟವನ್ನು ಪೊದೆ ಮಾಡಿದೆವು. ಇರುವೆ ಬರದಂತೆ ಸುತ್ತ ಬೂದಿಯ ಗೆರೆ ಎಳೆದೆವು. ಇಬ್ಬನಿಗೆಂದು ಮೇಲೆ ನನ್ನ ಮದುವೆಯ ಪಂಚೆ ಕಟ್ಟಿದೆವು. ಇನ್ನು ಕಾಗೆ? ಕಾಗೆಗೆ ನಾನೇ! ಮೂರು ದಿನ ರಜೆ ಹಾಕಿ, ಎಣ್ಣೆ ಡಬ್ಬ ಬಡಿಯುತ್ತಾ ಪಾತಿಯ ಪಕ್ಕ ನಿಂತೆ. ರಜೆಯ ಕಾರಣಕ್ಕೆ 'ಗೃಹಕೃತ್ಯ' ಎಂದು ಬರೆದಿದ್ದೆ. ದಾರಿಯಲ್ಲಿ ಹೋಗುವವರು, "ಸಾ, ಬೆದರುಬೊಂಬೆ ಕೆಲ್ಸ ಎಂಗದೆ?" ಎಂದು ವಿಚಾರಿಸಿಕೊಂಡು ಹೋದರು. ಬಂಗಾರದ ತೋಟದ ಒಡೆಯನಿಗೆ ಸಿಕ್ಕ ಪದವಿ ಇದು.

ಸ್ಪರ್ಧೆಯಿಂದ ಹೆಸರು ತೆಗೆಯಿರಿ ಎಂದು ಹೋಗಿ ಹೇಳೋಣವೆಂದರೆ ಊರು ಬಿಟ್ಟು ಕದಲುವಂತಿರಲಿಲ್ಲ. ಬುಧವಾರ ಬೆಳಿಗ್ಗೆ ಜೀಪು ಬಂದೇಬಿಟ್ಟಿತು. ಮುಂದೆ ಮೈಸೂರಿನಿಂದ ಬಂದ ತೀರ್ಪುಗಾರರು, ದಪ್ಪ ಗಾಜಿನ ಕನ್ನಡಕ. ಹಿಂದೆ ಸಂಘದ ಕಾರ್ಯದರ್ಶಿಯೆಂಬ ಗತ್ತಿನಲ್ಲಿ ಶಿವರುದ್ರಸ್ವಾಮಿ. ನಾನು ಪಂಚೆಯ ಚಪ್ಪರ ತೆಗೆದು, ಡಬ್ಬವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತೆ. ರತ್ನ ಬಾಗಿಲ ಸಂದಿಯಿಂದ, "ಬೂದಿ ಗೆರೆ ದಾಟ್ಬೇಡಿ ಅಂತ ಯೋಳಿ, ಇನ್ನೂ ಉಳ ನೂಲ್ತಾ ಅವೆ" ಎಂದು ಪಿಸುಗುಟ್ಟಿದಳು.

"ಸಾರ್, ದಯವಿಟ್ಟು ಅಲ್ಲೇ ನಿಂತು ನೋಡ್ಬೇಕು. ಮನೇಲಿ ಹುಳ ಇದೆ" ಎಂದೆ. ನಮ್ಮ ಕಡೆ ಈ ಮಾತಿಗೆ ಎಂಥ ಸಾಹೇಬರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ತೀರ್ಪುಗಾರರು ರಸ್ತೆಯಲ್ಲೇ ನಿಂತು ಕನ್ನಡಕ ಒರೆಸಿ ಹಾಕಿಕೊಂಡರು.

ನಾನು ಆಗ ಮೊದಲ ಸಲ ಅವರ ಕಣ್ಣಿನಿಂದ ನನ್ನ ತೋಟವನ್ನು ನೋಡಿದೆ. ನಮ್ಮ ಹುಳದ ಗೂಡು ಹಳದಿ. ಹಸಿರು ಕಡ್ಡಿಗಳ ತುದಿಯಲ್ಲಿ, ಕವಲು ಕವಲಿನಲ್ಲಿ, ಎಳೆ ಬಿಸಿಲಿಗೆ ಹೊಳೆಯುವ ಹಳದಿ ಗೊಂಚಲು. ಈ ಗೋಡೆಯಿಂದ ಆ ಗೋಡೆಯವರೆಗೆ. ಬಂಗಾರ ಸುರಿದ ಹಾಗಿತ್ತು!

"ಅದ್ಭುತ" ಎಂದರು ತೀರ್ಪುಗಾರರು. "ಗೋಲ್ಡನ್ ರಾಡ್ ಅಲ್ವೇನ್ರಿ? ಬಯಲುಸೀಮೇಲಿ ಇಷ್ಟು ಚೆನ್ನಾಗಿ ಬಂದಿದ್ದು ನಾನು ನೋಡಿಲ್ಲ. ಏನು ಗಾತ್ರ ಹೂವಿಂದು!"

ಶಿವರುದ್ರಸ್ವಾಮಿಯವರ ಮುಖ ಬಾಡಿತು. ಆಹಾ, ಆ ಒಂದು ಗಳಿಗೆ! ನಿಜ ಹೇಳಬೇಕೆಂದೇ ನಾನು ಬಾಯಿ ತೆರೆದೆ. ಬಾಯಿಂದ ಬಂದದ್ದು, "ಎಲ್ಲಾ ತಮ್ಮ ಆಶೀರ್ವಾದ ಸಾರ್."

"ಗೊಬ್ಬರ ಏನ್ ಕೊಟ್ರಿ?"

"ಹಿಪ್ಪುನೇರಳೆ ಸೊಪ್ಪು." ಇದು ಸತ್ಯ.

"ಭೇಷ್. ಹಸಿರೆಲೆ ಗೊಬ್ಬರ. ಎಲ್ರೂ ಕಲೀಬೇಕು ಇದನ್ನ. ದಿನಕ್ಕೆ ಎಷ್ಟು ಸಲ?"

"ಹಸಿದಾಗೆಲ್ಲ ಸಾರ್" ಎಂದುಬಿಟ್ಟೆ.

ಶಿವರುದ್ರಸ್ವಾಮಿ ಕಣ್ಣು ಕಿರಿದು ಮಾಡಿಕೊಂಡು ಪಾತಿಯನ್ನು ನೋಡತೊಡಗಿದರು. ಎಷ್ಟಾದರೂ ಕೊಳ್ಳೇಗಾಲದಲ್ಲಿ ಹುಟ್ಟಿದ ಕಣ್ಣು. ಅವರ ತುಟಿಯ ತುದಿ ನಿಧಾನವಾಗಿ ಮೇಲಕ್ಕೆ ಹೋಯಿತು. "ಸಾರ್, ಇಷ್ಟು ಅಪರೂಪದ ಹೂ. ಒಂದು ಕೀಳಿಸಿ ಮೂಸಿ ನೋಡ್ಬಾರ್ದಾ?" ಎಂದರು.

ನನ್ನ ಬೆನ್ನ ಹಿಂದಿನ ಡಬ್ಬ ತಾನಾಗಿಯೇ ಢಣ್ ಎಂದಿತು.

ಅಷ್ಟರಲ್ಲಿ ಜೀಪಿನ ಹಿಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಅದರಿಂದ ಇಳಿದದ್ದು ನನ್ನ ಅವ್ವ ದೊಡ್ಡಬಸಮ್ಮ. ಸಾಹೇಬರನ್ನು ನೋಡಲಿಲ್ಲ, ಮಗನನ್ನು ನೋಡಲಿಲ್ಲ. ಕಾಲು ತೊಳೆದುಕೊಂಡು ನೆಟ್ಟಗೆ ಬೂದಿಯ ಗೆರೆ ದಾಟಿ ಪಾತಿಗೆ ನುಗ್ಗಿದಳು. ಒಂದು ಹಳೇ ಗೂಡನ್ನು, ಎಂದರೆ ಮೊದಲ ದಿನ ಕಟ್ಟಿದ್ದನ್ನು, ಕವಲಿನಿಂದ ಬಿಡಿಸಿದಳು. ಹೆಬ್ಬೆರಳಿನಲ್ಲಿ ಒತ್ತಿದಳು. ಬಿಸಿಲಿಗೆ ಹಿಡಿದಳು. ಕಿವಿಯ ಹತ್ತಿರ ಅಲ್ಲಾಡಿಸಿದಳು.

ರತ್ನ ಬಾಗಿಲಿನಿಂದ ಆಚೆ ಬಂದು, ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ಆ ಹೊತ್ತಿನಲ್ಲಿ ಮೈಸೂರಿನ ತೀರ್ಪುಗಾರರು ಎಲ್ಲಿದ್ದರೋ, ಬಹುಮಾನ ಎಲ್ಲಿತ್ತೋ! ನನಗೆ ಕಂಡದ್ದು ಅವ್ವನ ಹೆಬ್ಬೆರಳು ಒಂದೇ.

"ಬಿಗಿ ಅದೆ" ಎಂದಳು ಅವ್ವ. ಇನ್ನೊಂದು ಬಿಡಿಸಿ ಒತ್ತಿದಳು. "ಇದೂ ಬಿಗಿ. ನಿನ್ ಕೈಗೆ ಉಳ ಆಯ್ತದೆ ಕೂಸೇ."

ರತ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಕಣ್ಣಲ್ಲಿ ನೀರು ಬಂತು. ಬೂದಿ ಬಿತ್ತು ಎಂದು ಒರೆಸಿಕೊಂಡೆ.

ಅವ್ವ ಆಗ ರಸ್ತೆಯ ಕಡೆ ತಿರುಗಿ, ಜೀಪು, ಕನ್ನಡಕ, ಕೈಯಲ್ಲಿ ಪೆನ್ಸಿಲ್ ಎಲ್ಲ ನೋಡಿ, "ಗೂಡು ತಕೊಳಕ್ಕೆ ಬಂದ್ರಾ ಸಾ? ಇನ್ನೂ ಎಳೇವು. ಎರ್ಡು ದಿನ ಬುಟ್ಟು ಬನ್ನಿ" ಎಂದಳು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಗೂಡನ್ನು ಅವರ ಅಂಗೈಯಲ್ಲಿ ಇಟ್ಟಳು.

"ಗೂಡು?" ಎಂದರು ತೀರ್ಪುಗಾರರು. ಒಳಗೆ ಏನೋ ಮಿಸುಕಿತು. ಹೂವನ್ನು ತಟ್ಟನೆ ಶಿವರುದ್ರಸ್ವಾಮಿಯವರ ಕೈಗೆ ದಾಟಿಸಿ, ನನ್ನ ಕಡೆ ಬಹಳ ಹೊತ್ತು ನೋಡಿದರು. ನಗು ಬಂದಿತ್ತೋ ಕೋಪ ಬಂದಿತ್ತೋ, ದಪ್ಪ ಗಾಜಿನಲ್ಲಿ ಗೊತ್ತಾಗಲಿಲ್ಲ.

"ನೋಡಿ ಮಾದಸ್ವಾಮಿ, ಬೆಳೆ ಚೆನ್ನಾಗಿದೆ. ಆದ್ರೆ ನಾನೇನೂ ಮಾಡೋ ಹಾಗಿಲ್ಲ. ಇದು ರೇಷ್ಮೆ ಇಲಾಖೆಗೆ ಬರುತ್ತೆ" ಎಂದು ಜೀಪು ಹತ್ತಿದರು.

ಬಹುಮಾನ ಡೇರೆಗೇ ಹೋಯಿತು. ಮಾರನೆಯ ದಿನ ಆಫೀಸಿಗೆ ಹೋದರೆ ಶಿವರುದ್ರಸ್ವಾಮಿಯವರ ಮೇಜಿನ ಮೇಲೆ ಅದೇ ಗಾಜಿನ ಲೋಟ. ಲೋಟದೊಳಗೆ ಡೇರೆ ಇಲ್ಲ, ಅವ್ವ ಕೊಟ್ಟ ಗೂಡು. "ನಿಮ್ಮ ಹೂವನ್ನ ಭದ್ರವಾಗಿ ನೋಡ್ಕೊಳ್ತಾ ಇದ್ದೀನಿ ಮಾದಸ್ವಾಮಿ. ಚಿಟ್ಟೆಯಾಗಿ ಹಾರಿಹೋದ್ರೆ ನನ್ನ ಕೇಳ್ಬೇಡಿ" ಎಂದರು. ಅದೇ ಹೊತ್ತಿಗೆ ನನ್ನ ಕೋಟಿನ ಕಾಲರಿನ ಕೆಳಗೆ ಇನ್ನೊಂದು ಹೂ ಇರುವುದನ್ನೂ ಅವರೇ ಪತ್ತೆ ಮಾಡಿದರು.

ಆದರೆ ನಿಜವಾದ ವಿಚಾರಣೆ ಬುಧವಾರವೇ, ಜೀಪಿನ ಧೂಳು ಅಡಗಿದ ಮೇಲೆ, ಜಗಲಿಯಲ್ಲಿ ನಡೆದಿತ್ತು. ಅವ್ವ ಎಲೆ ಅಡಿಕೆ ಹಾಕಿಕೊಂಡು ಸುತ್ತ ಕಣ್ಣಾಡಿಸಿ, "ಅದ್ಸರಿ, ಚಂದ್ರಿಕೆ ಎಲ್ಲವೆ?" ಎಂದಳು.

ನಾನು ಕಂಬ ನೋಡಿದೆ. ಕಂಬ ನನ್ನನ್ನು ನೋಡಿತು.

ರತ್ನ ಕಾಫಿ ಲೋಟ ತಂದಿಡುತ್ತಾ, "ಚಂದ್ರಿಕೆಗಿಂತ ಈ ಕಡ್ಡೀಲೇ ಗಾಳಿ ಚೆನ್ನಾಗಾಡ್ತದೆ, ಗೂಡು ಬಿಗಿಯಾಗ್ತದೆ ಅಂತ ನಿಮ್ ಮಗನೇ ಬೆಟ್ಟದಿಂದ ತಂದು ಬೆಳ್ಸುದ್ರು ಅತ್ತೆ" ಎಂದಳು. ನನ್ನ ಕಡೆ ನೋಡಲೂ ಇಲ್ಲ.

ಅವ್ವ ಬಾಯಿಯ ಎಲೆ ಅಡಿಕೆ ಮರೆತು ನನ್ನನ್ನು ನೋಡಿದಳು. ನಾನು ಹುಟ್ಟಿದಾಗಿನಿಂದ ಆ ಕಣ್ಣಲ್ಲಿ ನನ್ನ ಮೇಲೆ ಅಂಥ ಗೌರವ ಕಂಡಿರಲಿಲ್ಲ. "ನೀನಾ? ಓದ್ಸಿದ್ದು ದಂಡ ಆಗ್ಲಿಲ್ಲ ಬುಡು" ಎಂದಳು. ರತ್ನ ನನ್ನನ್ನು ಉಳಿಸಿದಳು ಎಂದು ನಾನು ಹಿಗ್ಗಿದೆ. ಆ ಮಾತಿಗೆ ನಾನು ತೆರಬೇಕಾದದ್ದೇನು ಎಂದು ಆಮೇಲೆ ತಿಳಿಯಿತು.

ಅಂದಿನಿಂದ ನನ್ನ ಪಾತಿ ಅವ್ವನ ವಶವಾಯಿತು. ವರ್ಷ ವರ್ಷವೂ ಗೋಲ್ಡನ್ ರಾಡ್ ಸೊಂಟದೆತ್ತರ ಬೆಳೆಯುತ್ತದೆ, ಕವಲೊಡೆಯುತ್ತದೆ, ಮೊಗ್ಗು ಕಟ್ಟುತ್ತದೆ. ಅಷ್ಟಕ್ಕೆ ಸರಿಯಾಗಿ ಅವ್ವ ಕುಡುಗೋಲು ತರುತ್ತಾಳೆ. ಕೊಯ್ದು ಒಣಗಿಸಿ ಹುಳಕ್ಕೆ ಕಟ್ಟುತ್ತಾಳೆ. ಊರಲ್ಲಿ ಅರ್ಧ ಮನೆಗಳ ಮುಂದೆ ಈಗ ಅದೇ ಗಿಡ. ಹೆಸರು ಗುಮಾಸ್ತನ ಕಡ್ಡಿ. ರಾಚಮ್ಮ ಅದಕ್ಕೆ ಬೇಲಿ ಹಾಕಿ ಮೇಕೆಯನ್ನು ಕಟ್ಟಿ ಸಾಕುತ್ತಿದ್ದಾಳೆ! ಗೋಲ್ಡನ್ ರಾಡನ್ನು ಈ ಸೀಮೆಗೆ ತಂದ ನಾನು ಮಾತ್ರ ಅದರ ಹೂವನ್ನು ಇಂದಿನವರೆಗೆ ಕಣ್ಣಾರೆ ಕಂಡಿಲ್ಲ.

ಹೋದ ವರ್ಷ ಧೈರ್ಯ ಮಾಡಿ, "ಅವ್ವ, ಒಂದೇ ಒಂದು ಬುಡ ಬಿಡು. ಅದರ ಹೂ ಹೇಗಿರ್ತದೆ ನೋಡ್ಬೇಕು" ಎಂದು ಬೇಡಿಕೊಂಡೆ.

ಅವ್ವ ಕುಡುಗೋಲು ನಿಲ್ಲಿಸಲೂ ಇಲ್ಲ.

"ಊ ಬುಟ್ರೆ ಕಡ್ಡಿ ಕೆಟ್ಟೋಯ್ತದೆ ಕಣ್ಲಾ" ಎಂದಳು.